ಅಡ್ಡ ಹಾಸಿದ ಚಾಪೆಗಳು

ದಕ್ಷಿಣಮುಖಿ ಹಣಮಂತ ದೇವರನ್ನು ನಂಬಿ ನಡೆಯುವ ತಾಯಂದಿರಿಗೂ ಅಣ್ಣತಮ್ಮಂದಿರಿಗೂ ನನ್ನ ಶರಣು. ಎಂಟು ವರ್ಷ ನಾನು ಯೋಗ ಕಲಿಸಿದ ಜಾಗದ ಬಾಗಿಲು ನನ್ನ ಮುಖಕ್ಕೇ ಮುಚ್ಚಿತು. ಮುಚ್ಚಿದವಳು ಹೊರಗಿನವಳಲ್ಲ, ನನ್ನ ಕೈಯಲ್ಲೇ ಕಲಿತವಳು. ಆಮೇಲೆ ದೇವರು ನನಗೆ ಏನು ಮಾಡಿದ ಎಂಬುದನ್ನು ಇದ್ದದ್ದು ಇದ್ದಹಾಗೆ ಬರೆಯುತ್ತೇನೆ. ನನಗೆ ಸಿಟ್ಟು ಜಾಸ್ತಿ. ಬರವಣಿಗೆಯಲ್ಲೂ ಅದು ಬಂದೇ ಬರುತ್ತದೆ, ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹೆಸರು ಇಂದುಮತಿ. ಮನೆ ಬಸವಕಲ್ಯಾಣ, ತವರು ಹುಮನಾಬಾದ್. ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿದ್ದ ನನ್ನನ್ನು ಎತ್ತಿ ನಿಲ್ಲಿಸಿದ್ದು ಯೋಗ. ನಮ್ಮ ಓಣಿಯ ಹಣಮಪ್ಪನ ಗುಡಿಯ ಮುಂದಿನ ಹಾಲ್‌ನಲ್ಲಿ ದಿನಾ ಬೆಳಿಗ್ಗೆ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದೆ. ದೊಡ್ಡ ಊರುಗಳಲ್ಲಿ ಇದಕ್ಕೆಂದೇ ಕನ್ನಡಿ ಹಾಕಿದ ಕೋಣೆಗಳಿರುತ್ತವಂತೆ. ನಮಗೆ ಗುಡಿಯ ಹಾಲೇ ಎಲ್ಲ. ಅವರು ‘ಟೀಚರ್’ ಎಂದು ಕರೆಯುವ ಆ ಒಂದು ತಾಸಿಗಾಗಿಯೇ ನಾನು ಹಾಸಿಗೆಯಿಂದ ಏಳುತ್ತಿದ್ದೆ.

ಆ ಹಾಲ್‌ನಲ್ಲಿ ಒಂದು ತೊಡಕಿತ್ತು. ಗರ್ಭಗುಡಿ ಉತ್ತರಕ್ಕಿದೆ, ದೇವರು ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದಾನೆ. ಕೊನೆಗೆ ಎಲ್ಲರೂ ಅಂಗಾತ ಮಲಗಿ ವಿಶ್ರಾಂತಿ ತೆಗೆದುಕೊಳ್ಳಬೇಕಲ್ಲ, ಆಗ ಚಾಪೆ ಉದ್ದಕ್ಕೆ ಹಾಸಿದ್ದರೆ ಕಾಲು ದೇವರ ಕಡೆಗೆ ಹೋಗುತ್ತದೆ. ತಿರುಗಿ ಮಲಗಿದರೆ ತಲೆ ಉತ್ತರಕ್ಕೆ, ಹೆಣ ಮಲಗಿಸಿದ ಹಾಗೆ. ಯಾವ ಹೆಣ್ಣುಮಗಳು ಒಪ್ಪುತ್ತಾಳೆ? ಅದಕ್ಕೇ ನಾನು ಮೊದಲ ದಿನದಿಂದಲೂ ಚಾಪೆಗಳನ್ನು ಅಡ್ಡ ಹಾಸಿಸುತ್ತಿದ್ದೆ. ಪೂರ್ವಕ್ಕೆ ತಲೆ, ಪಶ್ಚಿಮಕ್ಕೆ ಕಾಲು. ಅಡ್ಡ ಹಾಸಿದರೆ ಹದಿನಾರು ಚಾಪೆ ಹಿಡಿಸುತ್ತವೆ, ಅದಕ್ಕಿಂತ ಒಂದೂ ಹೆಚ್ಚಿಲ್ಲ.

ಹೋದ ವರ್ಷ ಶ್ರಾವಣ ಮುಗಿಯುತ್ತಿದ್ದಂತೆ ಹುಮನಾಬಾದಿನಲ್ಲಿ ನನ್ನ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ನಾನು ಹಾಲ್‌ನ ಕೀಲಿ ಸುವರ್ಣಾಳ ಕೈಗೆ ಕೊಟ್ಟೆ. ಸುವರ್ಣಾ ನನ್ನ ಹತ್ತಿರ ಬಂದಾಗ ನೆಲಕ್ಕೆ ಕೂತರೆ ಏಳಲು ಆಗುತ್ತಿರಲಿಲ್ಲ. ಐದು ವರ್ಷ ತಿದ್ದಿ ತೀಡಿ ಕಲಿಸಿದ್ದೆ. ಅವತ್ತು ಬಸ್‌ಸ್ಟ್ಯಾಂಡಿನ ತನಕ ಬಂದು, ರೊಟ್ಟಿಯ ಬುತ್ತಿ ನನ್ನ ಚೀಲಕ್ಕೆ ತುರುಕಿ, “ಅಕ್ಕಾ, ಏನೂ ಫಿಕರ್ ಮಾಡಬ್ಯಾಡ್ರಿ. ನಿಮ್ಮ ಕ್ಲಾಸ್ ಕಣ್ಣಾಗ ಎಣ್ಣಿ ಹಾಕ್ಕೊಂಡು ನೋಡ್ಕೋತೀನಿ,” ಎಂದಳು. ಬಸ್ಸು ಹೊರಟರೂ ಕೈ ಬೀಸುತ್ತ ನಿಂತಿದ್ದಳು. ಆ ರೊಟ್ಟಿಯನ್ನು ನಾನು ದಾರಿಯಲ್ಲೇ ತಿಂದು ಮುಗಿಸಿದೆ.

ಒಂದು ತಿಂಗಳು ದವಾಖಾನೆಯಲ್ಲಿ ಅವ್ವನ ಮಗ್ಗುಲು ಬದಲಿಸುತ್ತ ಕಳೆದೆ. ಅವ್ವ ಕೋಲು ಹಿಡಿದು ನಾಲ್ಕು ಹೆಜ್ಜೆ ಇಟ್ಟ ಮರುದಿನವೇ ಊರಿಗೆ ಬಂದೆ. ಬೆಳಿಗ್ಗೆ ಹಾಲ್‌ಗೆ ಹೋದರೆ ಬಾಗಿಲು ಒಳಗಿನಿಂದ ಹಾಕಿದೆ. ಕಿಟಕಿಯಲ್ಲಿ ಸುವರ್ಣಾಳ ದನಿ ಕೇಳುತ್ತಿದೆ, ಮಾತು ಮಾತ್ರ ನನ್ನವು: “ಕಣ್ಣು ಮುಚ್ಚಿರಿ, ದವಡಿ ಸಡ್ಲ ಬಿಡ್ರಿ.” ಬಾಗಿಲು ಬಡಿಯುವಷ್ಟರಲ್ಲಿ ಗುಡಿಯ ಕಮಿಟಿಯ ಹಿರಿಯರಾದ ಶಿವರಾಜಪ್ಪ ಕಾಕಾ ಅಂಗಳದಲ್ಲೇ ನನ್ನನ್ನು ತಡೆದರು.

“ನಿಲ್ಲವ್ವಾ. ದೇವರ ಕಡೆ ಕಾಲ ಚಾಚಿಸಿ ಮಲಗಸ್ತಿದ್ದೆಂತ. ಪೂಜಾರಿ ದೀಪಾ ಹಚ್ಚಾಕ ಬಂದರ ಎದುರಿಗಿ ಇಪ್ಪತ್ತೆರಡು ಮಂದಿ ಅಂಗಾಲು! ಇದೇನು ಯೋಗ ಏನವ್ವಾ?”

“ಇಪ್ಪತ್ತೆರಡ? ನನ್ನ ಕ್ಲಾಸಿನ್ಯಾಗ ಹದಿನಾರಕ್ಕಿಂತ ಹೆಚ್ಚಿಗಿ ಎಂದೂ ಇಲ್ರಿ ಕಾಕಾ. ನಾ ಅಡ್ಡ ಹಾಸಸ್ತೀನಿ. ಸುವರ್ಣಾಗ ಕೇಳ್ರಿ.”

“ಅಕಿಗೇ ಕೇಳೀವಿ. ‘ಅಕ್ಕ ಹಿಂಗs ಕಲಿಸ್ಯಾರ, ನನಗೇನು ಗೊತ್ತು’ ಅಂದಳು. ತಪ್ಪಾತು ಅಂತ ದೇವರ ಮುಂದ ಮೂಗು ತಿಕ್ಕಿದಳು. ಇನ್ನ ಮುಂದ ಅಕಿನೇ ನಡಸ್ತಾಳ.”

ನಾನು ಇಲ್ಲದಾಗ ಹೆಚ್ಚಿಗೆ ಜನ ಸೇರಿಸಿ, ಜಾಗ ಸಾಲದೆ ಚಾಪೆ ಉದ್ದಕ್ಕೆ ಹಾಸಿ, ಸಿಕ್ಕಿಬಿದ್ದ ಮೇಲೆ ನನ್ನ ತಲೆಗೆ ಕಟ್ಟಿದ್ದಳು. ಬಾಗಿಲು ತೆರೆಯಿತು. ಎಲ್ಲರೂ ಹೊರಗೆ ಬಂದರು. ನಾನು ಒಬ್ಬೊಬ್ಬರ ಮುಖ ನೋಡಿ ಕೇಳಿದೆ, “ಹೇಳ್ರೆವ್ವಾ, ಎಂಟು ವರ್ಷ ಚಾಪಿ ಹ್ಯಾಂಗ ಹಾಸಿದ್ವಿ?” ಒಬ್ಬಳು ಸೆರಗು ಸರಿಮಾಡಿಕೊಂಡಳು. ಇನ್ನೊಬ್ಬಳು ಕಾಲುಂಗುರ ನೋಡಿಕೊಂಡಳು. ಸುವರ್ಣಾ, “ಅಕ್ಕಾ, ಇರಲಿ ಬಿಡ್ರಿ, ಗುಡ್ಯಾಗ ಜಗಳ ಯಾಕ,” ಎಂದು ಕಣ್ಣಲ್ಲಿ ನೀರು ತಂದಳು. ಅಬ್ಬಾ, ಏನು ನಾಟಕ! ಅಷ್ಟು ಹೆಣ್ಣುಮಕ್ಕಳಲ್ಲಿ ಒಬ್ಬಳಾದರೂ ಬಾಯಿ ಬಿಡಬಾರದೆ? ಸುವರ್ಣಾಳ ಸುಳ್ಳಿಗಿಂತ ಅವರ ಮೌನವೇ ನನ್ನನ್ನು ಹೆಚ್ಚು ಸುಟ್ಟಿತು.

ಬೇರೆ ಜಾಗ ಹುಡುಕಿದೆ. ಒಂದು ಶಾಲೆಯ ಮುಖ್ಯಗುರುಗಳು ಪಡಸಾಲೆ ಕೊಡುತ್ತೇನೆಂದವರು ಎರಡನೇ ದಿನಕ್ಕೆ, “ಗುಡ್ಯಾಗ ಏನೋ ಆಗಿತ್ತಂತಲ್ರಿ,” ಎಂದು ರಾಗ ಎಳೆದರು. ಮದುವೆಯ ಕಾರ್ಯಾಲಯದಲ್ಲಿ ಮೂರು ದಿನ ನಡೆಯಿತು. ನಾಲ್ಕನೇ ದಿನ ಅಡುಗೆಯವರು ಬೆಳಿಗ್ಗೆಯೇ ಒಗ್ಗರಣೆ ಹಾಕಿದರು. ದೀರ್ಘ ಉಸಿರು ಎಳೆದುಕೊಳ್ಳಿ ಎಂದು ನಾನು ಹೇಳುವುದಕ್ಕೂ ಮೆಣಸಿನಕಾಯಿ ಘಾಟು ಬರುವುದಕ್ಕೂ ಸರಿಹೋಯಿತು. ಕೆಮ್ಮಿ ಕೆಮ್ಮಿ ಎಲ್ಲರೂ ಮನೆಗೆ ಹೋದರು. ಕೊನೆಗೆ ನಮ್ಮ ಮಾಳಿಗೆಯ ಮೇಲೆ ಹಾಸಿದೆ. ಬಂದವರು ಇಬ್ಬರು. ಮಂಗಗಳು ಬಂದು ಒಂದು ಚಾಪೆಯನ್ನೇ ಎಳೆದೊಯ್ದವು. ಹಣಮಪ್ಪಾ, ನಿನ್ನ ದಂಡೂ ಅವಳ ಕಡೆಯೇ ಆಯಿತೇ ಎಂದು ಅಲ್ಲೇ ಕೂತು ಅತ್ತೆ.

ಆ ಶನಿವಾರ ಎಣ್ಣೆ, ಎಕ್ಕೆಮಾಲೆ ಹಿಡಿದು ಗುಡಿಗೆ ಹೋದೆ. ಒಳಗೆ ಕಾಲಿಡಲಿಲ್ಲ. ಹೊಸ್ತಿಲ ಹೊರಗೇ ನಿಂತು ದೇವರ ಸಂಗಡ ಜಗಳ ತೆಗೆದೆ. “ಎಂಟು ವರ್ಷ ನಿನ್ನ ಮುಂದs ಅಡ್ಡ ಹಾಸೀನಿ. ನೀ ನೋಡಿಲ್ಲೇನು? ನೋಡಿದ್ದರ ಯಾಕ ಸುಮ್ನಿದ್ದಿ? ನನ್ನ ಜಾಗ ನನಗ ಕೊಡು.” ಸುವರ್ಣಾಳ ಬಾಯಿ ಸೇದಿಹೋಗಲಿ ಎಂದೂ ಬೇಡಿಕೊಂಡೆ, ಮುಚ್ಚಿಡುವುದಿಲ್ಲ. ಹನ್ನೊಂದು ಶನಿವಾರ ಹೊರಗಿನಿಂದಲೇ ಪ್ರದಕ್ಷಿಣೆ ಹಾಕುತ್ತೇನೆ ಎಂದು ಹರಕೆ ಹೊತ್ತೆ.

ಹತ್ತನೇ ವಾರದವರೆಗೆ ಎಲೆಯೂ ಅಲುಗಲಿಲ್ಲ. ಆ ವಾರ ಅವ್ವನನ್ನು ಡಾಕ್ಟರಿಗೆ ತೋರಿಸಲು ಹುಮನಾಬಾದಿಗೆ ಹೋಗಿದ್ದೆ. ದವಾಖಾನೆಯ ಬೆಂಚಿನಿಂದ ಅವ್ವನನ್ನು ಎಬ್ಬಿಸುತ್ತಿದ್ದಾಗ ಆಯಾ ಒಬ್ಬಳು ಬಂದು ಇನ್ನೊಂದು ತೋಳಿಗೆ ಆಸರೆ ಕೊಟ್ಟಳು.

“ಟೀಚರ್, ಗುರ್ತ ಸಿಗಲಿಲ್ಲೇನ್ರಿ? ನಾ ರತ್ನಾಬಾಯಿ. ಮೊದಲ ಬಸವಕಲ್ಯಾಣದಾಗs ಕೆಲಸ ಮಾಡತಿದ್ದೆ. ಈಗ ಎಲ್ಲಿ ಕಲಿಸಾಕತ್ತೀರಿ?”

“ಎಲ್ಲೂ ಇಲ್ಲವ್ವಾ. ಜಾಗ ಇಲ್ಲ.”

ಆ ಮಾತು ಬಾಯಿಂದ ಬಿದ್ದದ್ದೇ ತಡ, ನನಗೆ ಗುರುತು ಸಿಕ್ಕಿತು. ಮೂರು ವರ್ಷದ ಹಿಂದೆ ಇದೇ ರತ್ನಾಬಾಯಿ ಹಾಲ್‌ನ ಬಾಗಿಲಲ್ಲಿ ನಿಂತು, “ನಡಾ ಭಾಳ ನೋಯತಾದ್ರಿ, ನಾನೂ ಬರಲೇನ್ರಿ?” ಎಂದು ಸೊಂಟ ಹಿಡಿದುಕೊಂಡು ಕೇಳಿದ್ದಳು. ಅವಳು ಯಾವ ಓಣಿಯವಳು ಎಂಬುದು ನನಗೆ ಗೊತ್ತಿತ್ತು, ಆ ಓಣಿಯವರನ್ನು ಕಮಿಟಿಯವರು ಒಳಗೆ ಬಿಡುವುದಿಲ್ಲ ಎಂಬುದೂ ಗೊತ್ತಿತ್ತು. ಅಂಗಳದಲ್ಲಿ ಶಿವರಾಜಪ್ಪ ಕಾಕಾ ಕೂತಿದ್ದರು. ನಾನು ಅವರ ಕಡೆ ಒಮ್ಮೆ ನೋಡಿ, “ಜಾಗ ಇಲ್ಲವ್ವಾ,” ಎಂದಿದ್ದೆ. ಅವತ್ತು ಹದಿನಾಲ್ಕು ಚಾಪೆ ಹಾಸಿದ್ದೆವು. ಎರಡರ ಜಾಗ ಖಾಲಿಯಿತ್ತು, ಬಾಗಿಲಲ್ಲಿ ನಿಂತ ಅವಳಿಗೂ ಕಾಣುತ್ತಿತ್ತು.

ನಾನು ತಲೆ ತಗ್ಗಿಸಿದೆ. ಅವಳಿಗೆ ಅರ್ಥವಾಯಿತು. “ನೆನಪದರಿ. ಅವತ್ತ ಮನೀಗಿ ಹೋಗಿ ನಿಮಗ ಭಾಳ ಬೈದೀನಿ, ಬಾಯಿಗಿ ಬಂದಂಗ. ಅದಿರಲಿ. ನಡಾ ಇನ್ನೂ ನೋಯಾಕತ್ತದ. ಘಾಟಬೋರಾಳಕ್ಕ ಬರ್ರಿ, ನಮ್ಮ ಓಣ್ಯಾಗ ಬುದ್ಧ ವಿಹಾರ ಅದ. ಮಂದಿ ಜೊತಿ ನಾ ಮಾತಾಡ್ತೀನಿ.”

ಮುಂದಿನ ಸೋಮವಾರ ಬೆಳಿಗ್ಗೆ ಹುಮನಾಬಾದಿನಿಂದ ಬಸ್ಸು ಹತ್ತಿ ಘಾಟಬೋರಾಳಕ್ಕೆ ಹೋದೆ. ತೊಗರಿ ಹೊಲದ ಕೆಲಸಕ್ಕೆ ಹೋಗುವ ಮುಂಚೆ ಸೀರೆಯ ಕಚ್ಚೆ ಬಿಗಿದುಕೊಂಡು ಇಪ್ಪತ್ತು ಮಂದಿ ಕಾಯುತ್ತಿದ್ದರು. ವಿಹಾರ ಸಣ್ಣದು, ಉತ್ತರದ ಗೋಡೆಗೆ ಬುದ್ಧನ ಮೂರ್ತಿ. ನಾನು ಅಭ್ಯಾಸದಂತೆ ಚಾಪೆಗಳನ್ನು ಅಡ್ಡ ಹಾಸತೊಡಗಿದೆ. ಹತ್ತಕ್ಕೇ ನೆಲ ಮುಗಿಯಿತು. ಉಳಿದವರು ಚಾಪೆ ಬಗಲಲ್ಲಿ ಹಿಡಿದು ಬಾಗಿಲಲ್ಲಿ ನಿಂತರು. ನನ್ನ ಬಾಯಿಗೆ ಅದೇ ಹಳೆಯ ಮಾತು ಬಂದಿತ್ತು, ಜಾಗ ಇಲ್ಲ ಎಂದು. ಅಷ್ಟರಲ್ಲಿ ರತ್ನಾಬಾಯಿಯ ಅತ್ತೆ ಅಲ್ಲೇ ಕಟ್ಟೆಯ ಮೇಲೆ ಕೂತವರು ಕೇಳಿದರು:

“ಯಾಕವ್ವಾ ನಿಂತಿ? ಎರಡು ಪಾಳಿ ಮಾಡು. ಇವರು ಎದ್ದ ಮ್ಯಾಲ ಅವರು ಮಲಗಲಿ. ಹೊಲಾ ಎಲ್ಲಿ ಓಡಿ ಹೋಗತದ?”

ಎರಡು ಪಾಳಿ! ಎಂಟು ವರ್ಷದಲ್ಲಿ ನನಗೆ ಹೊಳೆಯಲಿಲ್ಲ. ಸುವರ್ಣಾಳಿಗೆ ಹೊಳೆದಿದ್ದರೆ ಅವಳು ಉದ್ದಕ್ಕೆ ಹಾಸುತ್ತಿರಲಿಲ್ಲ. ಇನ್ನೊಂದು ತಾಸು ನಿಂತರೆ ಮುಗಿಯುವ ಮಾತಿಗೆ ನಾನು ಜಾಗ ಅಳೆಯುತ್ತ ಕೂತಿದ್ದೆ. ಅವತ್ತು ಎರಡನೇ ಪಾಳಿಯಲ್ಲಿ ರತ್ನಾಬಾಯಿ ಮಲಗಿದಾಗ ಅವಳ ಸೊಂಟದ ಕೆಳಗೆ ಮಡಿಸಿದ ಸೀರೆ ಇಟ್ಟೆ. “ಹಾಯೆನ್ನಸ್ತದ್ರಿ ಟೀಚರ್,” ಎಂದಳು. ಆ ‘ಟೀಚರ್’ ಕೇಳಿ ಅಳು ತಡೆಯಲಾಗದೆ ಗೋಡೆಯ ಕಡೆ ತಿರುಗಿಕೊಂಡೆ.

ಹನ್ನೊಂದನೇ ಶನಿವಾರ ಪ್ರದಕ್ಷಿಣೆ ಮುಗಿಸಿ ಹೊಸ್ತಿಲಲ್ಲಿ ನಿಂತೆ. ನೀ ನೋಡಿಲ್ಲೇನು ಎಂದು ಕೇಳಿದವಳು ನಾನು. ಅವನು ಎಲ್ಲ ನೋಡಿದ್ದ. ಸುವರ್ಣಾ ಸುಳ್ಳು ಹೇಳಿದ್ದನ್ನೂ ನೋಡಿದ್ದ, ನಾನು ಎರಡು ಚಾಪೆಯ ಜಾಗ ಖಾಲಿ ಇಟ್ಟುಕೊಂಡು ಸುಳ್ಳು ಹೇಳಿದ್ದನ್ನೂ ನೋಡಿದ್ದ. ಬಾಯಿ ಸೇದಿಹೋಗಲಿ ಎಂದು ಬೇಡಿಕೊಂಡಿದ್ದೆನಲ್ಲ, ಅವನು ಆ ಬೇಡಿಕೆ ನಡೆಸಿದ್ದರೆ ಮೊದಲು ಸೇದುತ್ತಿದ್ದದ್ದು ನನ್ನ ಬಾಯಿ. ಆ ಕರುಣೆಗೆ ಅಡ್ಡಬಿದ್ದೆ.

ಸುವರ್ಣಾಳನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ಎದುರು ಬಂದರೆ ಈಗಲೂ ಮೈ ಉರಿಯುತ್ತದೆ. ಆ ಉರಿ ಆರಿಸುವುದನ್ನು ಅವನಿಗೇ ಬಿಟ್ಟಿದ್ದೇನೆ, ಸಾವಕಾಶವಾಗಿ ಮಾಡಲಿ. ಜಾಗ ಕೊಡು ಎಂದು ಕೇಳಿದೆ, ಕೊಟ್ಟ. ನಾನು ಯಾರಿಗೆ ಇಲ್ಲ ಎಂದಿದ್ದೆನೋ ಅವರ ಕೈಯಿಂದಲೇ ಕೊಡಿಸಿದ. ನಂಬಿದವರೇ, ಈಗ ವಾರಕ್ಕೆ ಮೂರು ದಿನ ನಾನು ಘಾಟಬೋರಾಳದಲ್ಲಿರುತ್ತೇನೆ. ಚಾಪೆ ಅಡ್ಡವೇ ಹಾಸುತ್ತೇವೆ. ಹೋದ ವಾರದಿಂದ ಮೂರು ಪಾಳಿ.