ಒಂದು ಬಕೆಟ್ ಜ್ವಾಲಾಮುಖಿ

ಸಿಂಗಪುರದ ಮೋಟಾರ್‌ಸೈಕಲ್ಲುಗಳನ್ನು ಸಿಗ್ನಲ್ಲಿನ ಬಳಿ ನಿಂತು ಗಮನಿಸಿದವರಿಗೆ ಒಂದು ಸಂಗತಿ ಕಾಣದೆ ಇರದು. ನಮ್ಮೂರಿನಲ್ಲಿ ಹೆಂಡತಿ, ಅವಳ ತೊಡೆಯ ಮೇಲೊಂದು ಕೂಸು, ಅವರಿಬ್ಬರ ನಡುವೆ ಹೇಗೋ ತೂರಿಸಿದ ತರಕಾರಿ ಚೀಲ ಇರಬೇಕಾದ ಜಾಗದಲ್ಲಿ ಇಲ್ಲಿ ಒಂದು ಕಪ್ಪು ಪೆಟ್ಟಿಗೆ ಕುಳಿತಿರುತ್ತದೆ. ಬೀಗ ಹಾಕಿದ, ಮಳೆಗೆ ಜಗ್ಗದ, ದಾರಿಯುದ್ದಕ್ಕೂ ತುಟಿಪಿಟಕ್ಕೆನ್ನದ ಪೆಟ್ಟಿಗೆ. ನನ್ನ ಬೈಕಿನ ಬೆನ್ನಿಗೂ ಅಂಥದೊಂದು ಅಂಟಿಕೊಂಡಿದೆ. ಪಾಸಿರ್ ರಿಸ್‌ನ ಮನೆಯಿಂದ ಒನ್-ನಾರ್ತ್‌ನ ಆಫೀಸಿಗೆ, ಆಫೀಸಿನಿಂದ ಮರಳಿ ಮನೆಗೆ, ಹೀಗೆ ಗಾಣದೆತ್ತಿನ ನಿಷ್ಠೆಯಿಂದ ನಾವಿಬ್ಬರೂ ಹತ್ತು ವರ್ಷ ಓಡಾಡಿದ್ದೇವೆ. ಪೆಟ್ಟಿಗೆಯೊಳಗೆ ಮಳೆಕೋಟು ಮತ್ತು ಊಟದ ಡಬ್ಬಿ. ಹೆಲ್ಮೆಟ್ಟಿನೊಳಗೆ ನಾನು.

ಈ ದೇಶದಲ್ಲಿ ವಾಹನಗಳಿಗೂ ಆಯುಷ್ಯವಿದೆ. ಅದನ್ನು ಬರೆಯುವವನು ಬ್ರಹ್ಮನಲ್ಲ, ಸರ್ಕಾರ. ಹತ್ತು ವರ್ಷಕ್ಕೆ ಬೈಕಿನ ಪರವಾನಗಿ ಮುಗಿಯುತ್ತದೆ. ಅದನ್ನು ನವೀಕರಿಸಬೇಕು, ಇಲ್ಲವೇ ಬೈಕು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಗುಜರಿಗೆ ಹಾಕಬೇಕು. ನನ್ನ ಬೈಕಿನ ಗಡುವು ಹತ್ತಿರವಾದ ತಿಂಗಳು ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ನನ್ನ ಹೆಂಡತಿ ಗಿರಿಜಾಳ ವಾದ ಸರಳವಾಗಿತ್ತು: ಕೆಳಗಿಳಿದರೆ ಬಸ್ಸು, ಮುಂದೆ ಎಮ್‌ಆರ್‌ಟಿ ರೈಲು, ನನಗೋ ಐವತ್ತು ಸಮೀಪಿಸುತ್ತಿರುವ ವಯಸ್ಸು ಮತ್ತು ಅದಕ್ಕೆ ತಕ್ಕ ಸೊಂಟ. ನನ್ನ ಬಳಿ ಪ್ರತಿವಾದವೇ ಇರಲಿಲ್ಲವಾದ್ದರಿಂದ ನಾನು ಬಹಳ ಹೊತ್ತು ವಾದಿಸಿದೆ. ಆಫೀಸಿನಲ್ಲಿ ಜನ, ರೈಲಿನಲ್ಲಿ ಜನ, ಮನೆಯಲ್ಲಿ ಸಿಂಗಪುರ ನೋಡಲು ಬಂದು ನಡುಮನೆಯಲ್ಲಿ ಮಲಗಿದ ಬಂಧುಜನ. ಏಕಾಂತವೆಂಬುದು ನನಗೆ ಉಳಿದಿರುವುದು ಆ ಸೀಟಿನ ಮೇಲೆ ಮಾತ್ರ ಎಂದು ತತ್ತ್ವಜ್ಞಾನಿಯ ಧಾಟಿಯಲ್ಲಿ ಹೇಳಿದೆ. ಅವಳು ಬಟ್ಟೆ ಮಡಿಸುತ್ತ ಕೇಳಿಸಿಕೊಂಡಳು.

"ಹತ್ತು ವರ್ಷದಲ್ಲಿ ಆಫೀಸ್ ಬಿಟ್ಟು ಎಲ್ಲಿಗಾದ್ರೂ ಹೋಗಿದ್ದೀರಾ ಇದ್ರಲ್ಲಿ?" ಎಂದಳು. "ಒಂದಿನ ಸುಮ್ನೆ ಒಬ್ರೇ ಎಲ್ಲಾದ್ರೂ ಹೋಗ್ಬನ್ನಿ. ಬಂದ್ಮೇಲೂ ಇದು ಬೇಕೇ ಬೇಕು ಅನ್ಸಿದ್ರೆ ರಿನ್ಯೂ ಮಾಡ್ಸಿ. ಇಲ್ಲಾಂದ್ರೆ ಕೊಟ್ಬಿಡೋಣ."

ಹೀಗೆ ಬೈಕಿನ ಪ್ರಾಣ ಒಂದು ಭಾನುವಾರದ ಮೇಲೆ ನಿಂತಿತು.

ಎಲ್ಲಿಗೆ ಹೋಗುವುದೆಂಬ ಪ್ರಶ್ನೆಗೆ ಉತ್ತರ ಆಫೀಸಿನ ಕಾಫಿ ಯಂತ್ರದ ಬಳಿ ಮೊದಲೇ ಸಿದ್ಧವಾಗಿತ್ತು. ನನ್ನ ಸಹೋದ್ಯೋಗಿ ಯೂರ್ಗೆನ್ ಜರ್ಮನಿಯವನು, ಐಫೆಲ್ ಎಂಬ ಗುಡ್ಡಗಾಡಿನ ಕಡೆಯವನು. ರಜೆಗೆ ಊರಿಗೆ ಹೋದಾಗಲೆಲ್ಲ ಒಂದು ದಿನ ಒಬ್ಬನೇ ಮೋಟಾರ್‌ಸೈಕಲ್ ಹತ್ತಿ, ಒಂದಾನೊಂದು ಕಾಲದಲ್ಲಿ ಭೂಮಿ ಸಿಡಿದು ಉಳಿದ ಕುಳಿಗಳನ್ನು ನೋಡಿಬರುವುದು ಅವನ ವಾಡಿಕೆ. ಆ ಕುಳಿಗಳಲ್ಲಿ ಈಗ ನೀರು ನಿಂತು ದುಂಡನೆಯ ಕೆರೆಗಳಾಗಿವೆಯಂತೆ. ಒಂದರ ದಡದಲ್ಲಿ ಇಂದಿಗೂ ತಳದಿಂದ ಗುಳ್ಳೆಗಳು ಏಳುತ್ತವೆಯಂತೆ. ಅವನು ಫೋನಿನಲ್ಲಿ ತೋರಿಸಿದ ಚಿತ್ರಗಳಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಜ್ವಾಲಾಮುಖಿಯಲ್ಲ, ನಿರ್ಮಾನುಷತೆ. ಒಂದರಲ್ಲೂ ಮನುಷ್ಯರಿರಲಿಲ್ಲ, ಅವನೂ ಇರಲಿಲ್ಲ. ನಮ್ಮ ಮನೆಯ ಆಲ್ಬಮ್ಮುಗಳಲ್ಲಿ ಜೋಗ ಜಲಪಾತವನ್ನು ನಾನು ಇವತ್ತಿನವರೆಗೂ ಪೂರ್ತಿ ನೋಡಿಲ್ಲ; ಪ್ರತಿ ಚಿತ್ರದಲ್ಲೂ ಅದಕ್ಕೆ ಅಡ್ಡವಾಗಿ ಯಾರದೋ ಷಡ್ಡಕನ ಸಂಸಾರ ನಿಂತಿರುತ್ತದೆ.

ಸುತ್ತಲಿನ ದೇಶಗಳಲ್ಲಿ ಜ್ವಾಲಾಮುಖಿಗಳು ಹೊಗೆಯಾಡುತ್ತಿದ್ದರೂ ಈ ಶಿಸ್ತಿನ ದ್ವೀಪಕ್ಕೆ ಅಂಥ ದುರಭ್ಯಾಸವಿಲ್ಲ. ಆದರೆ ಉತ್ತರದ ಸೆಂಬವಾಂಗ್‌ನಲ್ಲಿ ಒಂದು ಬಿಸಿನೀರಿನ ಬುಗ್ಗೆಯಿದೆ. ಅದಕ್ಕೂ ಜ್ವಾಲಾಮುಖಿಗೂ ಸಂಬಂಧವಿಲ್ಲ, ಆಳದ ಕಲ್ಲಿನ ಶಾಖಕ್ಕೆ ನೀರು ಕಾಯುತ್ತದೆ, ಅಷ್ಟೇ ಎಂದು ಬಲ್ಲವರು ಹೇಳುತ್ತಾರೆ. ಇರಲಿ, ಬಡವನ ಪಾಲಿಗೆ ಅದೇ ಜ್ವಾಲಾಮುಖಿ. ಕುಳಿಕೆರೆಯ ಬದಲಿಗೆ ಬುಕಿತ್ ಬಾಟೋಕ್‌ನ ಹಳೆಯ ಕಲ್ಲುಗಣಿಯಲ್ಲಿ ನೀರು ತುಂಬಿದ ಕೊಳವಿದೆ. ಮೊದಲು ಅದು, ಅಲ್ಲಿಂದ ವುಡ್‌ಲ್ಯಾಂಡ್ಸ್, ಕೊನೆಗೆ ಬುಗ್ಗೆ, ಸಂಜೆಗೆ ಮನೆ ಎಂದು ಯೋಜನೆ ಹಾಕಿದೆ. ನೇರವಾಗಿ ಹೋದರೆ ಬುಗ್ಗೆಗೆ ಅರ್ಧ ಗಂಟೆಯ ದಾರಿ. ಏಕಾಂತಕ್ಕೆ ಅಷ್ಟು ಸಾಲದೆಂದು ದ್ವೀಪವನ್ನೇ ಒಂದು ಪ್ರದಕ್ಷಿಣೆ ಹಾಕಿಸಿದೆ.

ಒಬ್ಬನೇ ಹೋಗುತ್ತೇನೆಂದು ಕನ್ನಡಿಗರ ಕಿವಿಗೆ ಬಿದ್ದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಮೊದಲು ಮರುಕ, ಆಮೇಲೆ ಅನುಮಾನ, ಕೊನೆಗೆ ಕೆಲಸ. ಶನಿವಾರ ಸಂಜೆ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ನಮ್ಮ ಕಟ್ಟಡದ ಕೆಳಗಿನ ಆ ಬಯಲು ಮೊಗಸಾಲೆಯಲ್ಲಿ, ಮೂರನೇ ಮಹಡಿಯ ಶಂಕ್ರಮ್ಮ ಸಿಕ್ಕರು. ಅವರು ಗದಗಿನವರು, ಮಗನ ಮನೆಗೆ ಬಂದು ಎರಡು ವರ್ಷವಾಗಿತ್ತು. ಬಿಸಿನೀರಿನ ಬುಗ್ಗೆ ಎಂಬ ಶಬ್ದ ನನ್ನ ಬಾಯಿಂದ ಬಿದ್ದಿದ್ದೇ ತಡ, "ಹೆಂಗೂ ಹೊಂಟೀರಿ, ನನ್ನ ಮೊಣಕಾಲಿಗೆ ಒಂದೀಟು ನೀರು ತರ್ರಿ" ಎಂದು ಕ್ಯಾನು ತಂದುಕೊಟ್ಟರು. ರಾತ್ರಿಯೊಳಗೆ ಇನ್ನೆರಡು ಮನೆಗಳ ಮೊಣಕಾಲುಗಳೂ ಸುದ್ದಿ ತಿಳಿದು ಕ್ಯಾನು ಕಳಿಸಿದವು. ಬೆಳಿಗ್ಗೆ ಹೊರಡುವಾಗ ಗಿರಿಜಾ ಗೊಜ್ಜವಲಕ್ಕಿಯ ಡಬ್ಬಿ, ನೀರು, ಒದ್ದೆಯಾದರೆ ಬದಲಿಸಲು ಅಂಗಿ, ಟವೆಲ್ಲು ಎಲ್ಲವನ್ನೂ ಪೆಟ್ಟಿಗೆಯಲ್ಲಿ ಜೋಡಿಸಿಕೊಟ್ಟಳು. ಬುಗ್ಗೆಯ ನೀರಿನಲ್ಲಿ ಜನ ಮೊಟ್ಟೆ ಬೇಯಿಸುತ್ತಾರೆಂದು ಓದಿದ್ದೆ. ಮೊಟ್ಟೆ ತಿನ್ನದ ಮನೆತನದವನಾದ ನಾನು ಅವಳ ಕಣ್ತಪ್ಪಿಸಿ ಎರಡು ಆಲೂಗೆಡ್ಡೆ ಜೇಬಿಗಿಳಿಸಿದೆ.

ಕಲ್ಲುಗಣಿಯ ಕೊಳ ನಿಜಕ್ಕೂ ಚೆಲುವಾಗಿತ್ತು. ಕಡಿದಾದ ಕಲ್ಲಿನ ಗೋಡೆ, ಅದರ ಬುಡದಲ್ಲಿ ಹಸಿರು ನೀರು, ಯೂರ್ಗೆನ್‌ನ ಚಿತ್ರಗಳ ಬಡ ನೆಂಟನೆನ್ನಬಹುದಾದ ನೋಟ. ನಿರ್ಮಾನುಷವಾದ ಒಂದು ಚಿತ್ರ ತೆಗೆಯಲು ಕೋನ ಹುಡುಕುತ್ತಿದ್ದಾಗ ಹಿಂದಿನಿಂದ ಯಾರೋ ವಿನಯವಾಗಿ ಕೆಮ್ಮಿದರು. ತಿರುಗಿದರೆ ಬಿಳಿ ಗೌನಿನ ಮದುಮಗಳು, ಕೋಟಿನೊಳಗೆ ಬೆವರುತ್ತಿದ್ದ ಮದುಮಗ, ಮತ್ತು ಅವರ ಛಾಯಾಗ್ರಾಹಕ. ನಾನು ಸ್ವಲ್ಪ ಸರಿದರೆ ಉಪಕಾರವಾಗುತ್ತಿತ್ತಂತೆ. ಷಡ್ಡಕನ ಸಂಸಾರದ ಮೇಲೆ ಅಷ್ಟು ವರ್ಷ ಹಲ್ಲು ಮಸೆದವನು ಈಗ ಸ್ವತಃ ಇನ್ನೊಬ್ಬರ ಜಲಪಾತಕ್ಕೆ ಅಡ್ಡ ನಿಂತಿದ್ದೆ. ಪಕ್ಕಕ್ಕೆ ಸರಿದೆ. ವುಡ್‌ಲ್ಯಾಂಡ್ಸ್‌ನ ದಂಡೆಯಲ್ಲಿ ನಿಂತು ಜಲಸಂಧಿಯಾಚೆ ನೆರೆದೇಶದ ಜೋಹೊರ್‌ನ ಕಟ್ಟಡಗಳನ್ನೂ, ಸೇತುವೆಯ ಮೇಲೆ ಇರುವೆಗಳಂತೆ ಸಾಗುವ ಬೈಕುಗಳನ್ನೂ ನೋಡಿದೆ. ದಾರಿ ತಪ್ಪಬೇಕೆಂದು ಎರಡು ಕಡೆ ಪ್ರಯತ್ನಪಟ್ಟೆ. ಎರಡು ಸಲವೂ ಸ್ಪಷ್ಟವಾದ ಫಲಕಗಳು ನನ್ನನ್ನು ಹಿಡಿದು ಸರಿದಾರಿಗೆ ತಂದವು.

ಆಗಿನ್ನೂ ಬುಗ್ಗೆಯನ್ನು ಉದ್ಯಾನವಾಗಿ ಸಿಂಗರಿಸಿರಲಿಲ್ಲ. ತಂತಿಬೇಲಿಗಳ ನಡುವಿನ ಓಣಿಯಲ್ಲಿ ನಡೆದುಹೋದರೆ ಕಾಂಕ್ರೀಟಿನ ಅಂಗಳ, ಕೆಲವು ನಲ್ಲಿಗಳು, ಪ್ಲಾಸ್ಟಿಕ್ ಕುರ್ಚಿಗಳು, ಗಂಧಕದ ಸಣ್ಣ ವಾಸನೆ. ಯುಗಯುಗಗಳ ಭೂಗರ್ಭದ ಕಾವು ಇಲ್ಲಿ ನಲ್ಲಿ ತಿರುಗಿಸಿದರೆ ಬರುತ್ತಿತ್ತು. ಬಚ್ಚಲ ಹಂಡೆಯ ಮುಂದೆ ಬೆಳೆದ ನನಗೆ ಇದು ತೀರಾ ಪರಿಚಿತವೆನಿಸಿ ನಿರಾಸೆಯೇ ಆಯಿತು. ಎಲ್ಲರೂ ಬಕೆಟ್ಟಿನಲ್ಲಿ ಕಾಲಿಳಿಬಿಟ್ಟು ಕುಳಿತಿದ್ದರು. ನನ್ನ ಬಳಿ ಮೂರು ಮನೆಗಳ ಕ್ಯಾನುಗಳಿದ್ದವು, ಬಕೆಟ್ಟಿರಲಿಲ್ಲ. ಪಕ್ಕದ ಚೀನೀ ಆಂಟಿ ನನ್ನನ್ನು ಕೂದಲಿನಿಂದ ಬೂಟಿನವರೆಗೆ ಅಳೆದು, ತಮ್ಮಲ್ಲಿದ್ದ ಇನ್ನೊಂದು ಬಕೆಟ್ಟನ್ನು ಕಾಲಿನಿಂದ ನನ್ನತ್ತ ದೂಡಿದರು. ಕಾಲಿಡುವ ಮೊದಲು ಅದರಲ್ಲಿ ಆಲೂಗೆಡ್ಡೆಗಳನ್ನು ಮುಳುಗಿಸಿ ಕಾದೆ. ತಾಸಾಯಿತು, ನೀರು ಬದಲಿಸಿ ಮತ್ತೆ ಕಾದೆ. ಅವು ಬೆಚ್ಚಗಾದವು, ಬೇಯಲಿಲ್ಲ.

"ಅಂಕಲ್, ಪೊಟೇಟೊ ಕೆನಾಟ್ ಲಾ," ಎಂದರು ಆಂಟಿ, ನಗದೆ.

ಆಲೂಗೆಡ್ಡೆ ತೆಗೆದು, ನೀರನ್ನು ಹದಕ್ಕೆ ಆರಲು ಬಿಟ್ಟು ಕಾಲಿಟ್ಟೆ. ಆಮೇಲಿನ ಹೊತ್ತು ಹೇಗೆ ಕಳೆಯಿತೋ ತಿಳಿಯದು. ಸುತ್ತ ಹತ್ತಾರು ಜನ ಮೌನವಾಗಿ ತಮ್ಮ ತಮ್ಮ ಬಕೆಟ್ಟಿನಲ್ಲಿ ತಾವಿದ್ದರು. ಯಾರಿಗೂ ಯಾರಿಂದಲೂ ಏನೂ ಬೇಕಾಗಿರಲಿಲ್ಲ. ನನಗೆ ಅಪರೂಪದ ಸಂತೋಷವಾಯಿತು. ಗೊಜ್ಜವಲಕ್ಕಿ ತಿಂದೆ, ಅರ್ಧವನ್ನು ಆಂಟಿಗೆ ಕೊಟ್ಟೆ. ಈ ಬೈಕನ್ನು ಬಿಡಲಾರೆ ಎಂದು ಅಲ್ಲೇ, ಮೊಣಕಾಲಿನ ಕೆಳಗೆ ಕೆಂಪಗಾಗಿ ಕುಳಿತು, ತೀರ್ಮಾನಿಸಿದೆ.

ಮನೆಗೆ ಬರುವಷ್ಟರಲ್ಲಿ ಕ್ಯಾನಿನ ನೀರು ತಣ್ಣಗಾಗಿತ್ತು. ಶಂಕ್ರಮ್ಮ ಬೇಸರಿಸದೆ ಅದನ್ನು ಒಲೆಯ ಮೇಲಿಟ್ಟು ಕಾಯಿಸಿಕೊಂಡರಂತೆ. ಊಟಕ್ಕೆ ಕೂತವನು ನಾನು ಬಾಯಿ ಮುಚ್ಚಲಿಲ್ಲ. ಕಲ್ಲುಗಣಿ, ಮದುಮಗಳು, ಸೇತುವೆ, ಆಂಟಿಯ ಬಕೆಟ್ಟು, ಏಕಾಂತದ ಮಹಿಮೆ, ಒಂದನ್ನೂ ಬಿಡದೆ ಬಡಿಸಿದೆ. ನಡುನಡುವೆ ಫೋನಿನ ಚಿತ್ರಗಳನ್ನೂ ತೋರಿಸಿದೆ. ಗಿರಿಜಾ ಬೇಯದೆ ಉಳಿದ ನನ್ನ ಆಲೂಗೆಡ್ಡೆಗಳನ್ನು ಪಲ್ಯ ಮಾಡಿದ್ದಳು. ಅದನ್ನು ಬಡಿಸುತ್ತ, ಮಗಳಿಗೆ ನಾಳಿನ ಸಮವಸ್ತ್ರ ಎಲ್ಲಿದೆಯೆಂದು ಹೇಳುತ್ತ, ಊರಿನಿಂದ ಬಂದ ಫೋನನ್ನು ಭುಜಕ್ಕೆ ಒತ್ತಿಕೊಂಡು ಉತ್ತರಿಸುತ್ತ, ನನ್ನ ಏಕಾಂತದ ವರ್ಣನೆಯನ್ನು ಅವಳು ಪೂರ್ತಿಯಾಗಿ ಕೇಳಿಸಿಕೊಂಡಳು.

"ರಿನ್ಯೂ ಮಾಡ್ಸಿ," ಎಂದಳು ಕೊನೆಗೆ. ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋಗುವಾಗ ಅದೇ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದಳು. "ಮುಂದಿನ ಭಾನುವಾರ ನಾನು ಹೋಗ್ತೀನಿ. ಒಬ್ಳೇ."

ಬೈಕು ಉಳಿಯಿತೆಂಬ ಸಂಭ್ರಮದಲ್ಲಿದ್ದ ನನಗೆ ಎರಡನೆಯ ಮಾತು ತಡವಾಗಿ ಅರ್ಥವಾಯಿತು. ನನ್ನ ಒಂಟಿತನಕ್ಕೆ ಬೇಕಾದ ಸಾಮಾನನ್ನೆಲ್ಲ ಡಬ್ಬಿಯಿಂದ ಟವೆಲ್ಲಿನವರೆಗೆ ಕಟ್ಟಿಕೊಟ್ಟವಳಿಗೆ, ಈ ಊರಿಗೆ ಬಂದ ಮೇಲೆ ಅಂಥ ಒಂದು ದಿನ ಸಿಕ್ಕಿದೆಯೇ ಎಂದು ಲೆಕ್ಕ ಹಾಕಿ ನೋಡಿದೆ. ಸಿಕ್ಕಿರಲಿಲ್ಲ. ಸಿಕ್ಕಿಲ್ಲವೆಂದು ಅವಳೂ ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅದು ಹೊಳೆದಾಗ ನಾಚಿಕೆಗಿಂತ ಹೆಚ್ಚಾಗಿ ಗಾಬರಿಯಾಯಿತು.

ಭಾನುವಾರ ಬೆಳಿಗ್ಗೆ ಅವಳು ಸಣ್ಣ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟಳು. ರೈಲು ನಿಲ್ದಾಣದವರೆಗೆ ಬಿಡುತ್ತೇನೆಂದೆ, ಬೇಡವೆಂದಳು. ಕೆಳಗಿನ ಬಸ್ಸು ಹತ್ತುವುದನ್ನು ಕಾರಿಡಾರಿನಿಂದ ನೋಡಿದೆ. ಅದು ಎಲ್ಲಿಗೆ ಹೋಗುವ ಬಸ್ಸೆಂದು ಮೇಲಿನಿಂದ ಕಾಣಲಿಲ್ಲ. ಯಾವ ಮನೆಯವರೂ ಅವಳ ಕೈಗೆ ಕ್ಯಾನು ಕೊಟ್ಟಿರಲಿಲ್ಲ, ಏಕೆಂದರೆ ಅವಳು ಯಾರಿಗೂ ಹೇಳಿರಲಿಲ್ಲ. ನಾನು ಅನ್ನ ಮಾಡಿದೆ, ಮಗಳ ಹೋಮ್‌ವರ್ಕ್ ನೋಡಿದೆ, ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಕೇಳಲು ಮೂರು ಸಲ ಫೋನು ಕೈಗೆತ್ತಿಕೊಂಡು ಮೂರು ಸಲವೂ ಕೆಳಗಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ಅವಳು ಮರಳಿದಳು. ಮುಖದಲ್ಲಿ ಬಿಸಿಲು ತಾಗಿದ ಕೆಂಪಿತ್ತು, ಸೀರೆಯ ಅಂಚಿನಲ್ಲಿ ಸ್ವಲ್ಪ ಮರಳಿತ್ತು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ.

"ಚೆನ್ನಾಗಿತ್ತು," ಎಂದಳು.

ಮುಂದಿನ ಮಾತಿಗಾಗಿ ನಾನೂ ಮಗಳೂ ಕಾದೆವು. ಅವಳು ಕೈಕಾಲು ತೊಳೆದು ಬಂದು ನನ್ನೆದುರು ಕುಳಿತಳು, ನಾನು ಅನ್ನ ಬಡಿಸಿದೆ.