ಕೇಲಾಂಗಿನಲ್ಲಿ ಸಿಕ್ಕಿಬಿದ್ದಿದ್ದ ಚನ್ನಪ್ಪ

ರೋಣದ ಕಡೆಯ ಚನ್ನಪ್ಪ ಡೀಸೆಲ್ ಇಂಜಿನ್ ರಿಪೇರಿಯಲ್ಲಿ ಪಳಗಿದವನು. ಕುವೈತಿನ ಮೈದಾನ್ ಹವಲ್ಲಿಯ ರೂಮಿನಲ್ಲಿ ಅವನ ಜೊತೆಗಿದ್ದವನು ಉಡುಪಿ ಕಡೆಯ ರುಡಾಲ್ಫ್, ಹೋಟೆಲ್ ಅಡುಗೆಯವನು. ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂದು ಕೂತಮೇಲೆ ಇಬ್ಬರಿಗೂ ಕೆಲಸವಿಲ್ಲ, ಊರಿಗೆ ವಿಮಾನವಿಲ್ಲ. ಕೆಲಸಕ್ಕೆ ಕರೆಸಿಕೊಂಡಿದ್ದ ಕಫೀಲರು ಸೌದಿಗೆ ಓಡಿಹೋಗಿದ್ದರು.

"ನಮ್ಮ ಕತೆ ಮುಗೀತು ಚನ್ನಪ್ಪಣ್ಣ. ಹೋಗ್ಲಿಕ್ಕೆ ದಾರಿಯೇ ಇಲ್ಲ," ಎಂದ ರುಡಾಲ್ಫ್, ರೇಡಿಯೋ ಬಿಟ್ಟೇಳದೆ.

"ದಾರಿ ಮುಚ್ಚಿದ ಊರಾಗ ನಾ ಇದ್ದು ಬಂದೀನಿ. ಸುಮ್ನ ಕುಂತ್ರ ಹುಚ್ಚ ಹಿಡೀತೈತಿ, ಏಳು."

ಅರವತ್ತೆಂಟನೇ ಇಸವಿಯಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಹಿಮಾಲಯದ ನಡುವಿನ ಕೇಲಾಂಗಿಗೆ ಚನ್ನಪ್ಪ ಹೋಗಿದ್ದು ಕೆಟ್ಟುನಿಂತ ಬುಲ್ಡೋಜರ್ ನೋಡಲು. ಎಂಟು ದಿನದ ಕೆಲಸ. ಆರನೇ ದಿನ ಹಿಮ ಸುರಿದು, ಕಣಿವೆಯಿಂದ ಹೊರಬರುವ ಘಾಟಿ ಮುಚ್ಚಿಹೋಯಿತು. ಚನ್ನಪ್ಪ ಆರು ತಿಂಗಳು ಅಲ್ಲೇ ಉಳಿದ. ಒಲೆಯಿಂದ ಎರಡು ಮಾರು ಆಚೆ ಇಟ್ಟ ನೀರು ಕಲ್ಲಾಗುತ್ತಿತ್ತು. ಕಬ್ಬಿಣದ ಪಾನಾ ಬರಿಗೈಲಿ ಮುಟ್ಟಿದರೆ ಚರ್ಮ ಕಿತ್ತು ಬರುತ್ತಿತ್ತು. ಮೊದಲ ವಾರ ಅವನು ಕಂಬಳಿಯೊಳಗೆ ಅತ್ತ. ಮನೆಯಲ್ಲಿ ಜಾಗ ಕೊಟ್ಟಿದ್ದ ಮುದುಕಿ ಅಂಗ್ಮೋ ಅವನ ಕೈಗೆ ಉಣ್ಣೆ, ಕದಿರು ಕೊಟ್ಟು, ಮುರುಕು ಹಿಂದಿಯಲ್ಲಿ "ನೂಲುತ್ತಾ ಅಳು" ಎಂದಳು. ಹಿಮ ಬೀಳುವ ಮೊದಲೇ ಮಾಳಿಗೆ ಮೇಲೆ ಒಣಗಿಸಿಟ್ಟ ಸೊಪ್ಪು, ಟರ್ನಿಪ್ ಗಡ್ಡೆ ಬೇಯಿಸಿ ಇಡೀ ಚಳಿಗಾಲ ಉಣಬಡಿಸಿದಳು. ಉಪ್ಪು, ಬೆಣ್ಣೆ ಹಾಕಿದ ಅವಳ ಚಹಾದ ರುಚಿ ಹವಲ್ಲಿಯ ಸೆಕೆಯಲ್ಲೂ ಅವನ ನಾಲಿಗೆಗೆ ಬರುತ್ತಿತ್ತು.

ಹವಲ್ಲಿಯ ಬಿಲ್ಡಿಂಗಿನ ಕೆಳಗಿನ ತರಕಾರಿ ಅಂಗಡಿಯವನು ಊರು ಬಿಡುವಾಗ ಉಳಿದ ಟೊಮೇಟೊ, ಬದನೆ ಇವರಿಗೇ ಬಿಟ್ಟುಹೋದ. ಚನ್ನಪ್ಪ ಹೆಚ್ಚಿ, ತಾರಸಿಯ ಮೇಲೆ ಬೆಡ್‌ಶೀಟ್ ಹಾಸಿ ಹರವಿದ. ಎರಡೇ ದಿನಕ್ಕೆ ಗರಿಗರಿ. ಆಮೇಲೆ ಬಿಲ್ಡಿಂಗಿನ ಹೆಂಗಸರೂ ತಮ್ಮಲ್ಲಿದ್ದದ್ದು ತಂದು ಹರವಿದರು. ರುಡಾಲ್ಫ್ ರೇಡಿಯೋ ಬಿಟ್ಟು ಎಲ್ಲರಿಗೂ ಸಾರು ಮಾಡತೊಡಗಿದ.

"ಆ ಮುದುಕಿಯನ್ನು ಮತ್ತೆ ನೋಡಿದ್ರಾ?" ಎಂದು, ಕೇಲಾಂಗಿನ ಕತೆ ತಿಳಿದಿದ್ದ ಅವನು ಒಂದಿನ ಕೇಳಿದ.

"ಬರ್ತೀನಿ ಅಂತ ಮಾತು ಕೊಟ್ಟಿದ್ದೆ. ಆಮ್ಯಾಲ ಮದುವಿ, ಮಕ್ಳು, ಕುವೈತ್." ಚನ್ನಪ್ಪ ಬದನೆ ಹೋಳುಗಳನ್ನು ಮಗುಚುತ್ತಾ ಕೂತ.

ಸೆಪ್ಟೆಂಬರ್ ಕೊನೆಗೆ ಬಸ್ಸು ಸಿಕ್ಕಿತು. ಬಾಗ್ದಾದ್, ಜೋರ್ಡಾನ್ ಗಡಿಯ ಡೇರೆ, ಅಮ್ಮಾನ್, ಅಲ್ಲಿಂದ ಬೊಂಬಾಯಿ. ಡೇರೆಯಲ್ಲಿ ಒಂಬತ್ತು ದಿನ ಆ ಒಣ ತರಕಾರಿಯೇ ಅನ್ನದ ಜೊತೆಗಾಯಿತು.

ಮರುವರ್ಷ ಜುಲೈಯಲ್ಲಿ ಚನ್ನಪ್ಪ ಹೆಂಡತಿಗೆ ಹೇಳಿ ಕೇಲಾಂಗಿಗೆ ಹೊರಟ. ಅಂಗ್ಮೋ ತೀರಿಕೊಂಡು ಏಳು ವರ್ಷವಾಗಿತ್ತು. ಅವಳ ಸೊಸೆ ಒಲೆಯ ಬಳಿ ಕೂರಿಸಿದಳು. ಮೂರು ದಿನ ಇದ್ದು, ಅವರ ಹಿಟ್ಟಿನ ಗಿರಣಿಯ ಇಂಜಿನ್ ಬಿಚ್ಚಿ ಕಟ್ಟಿಕೊಟ್ಟು ಇಳಿದು ಬಂದ.

ಇರಾಕಿನ ಸೈನ್ಯ ಹೊರಟುಹೋಗಿತ್ತು; ಡಿಸೆಂಬರಿನಲ್ಲಿ ಇಬ್ಬರೂ ಮತ್ತೆ ಕುವೈತ್ ಸೇರಿದರು.

"ಕೇಲಾಂಗಿನಲ್ಲಿ ಭಾರೀ ಚಳಿ ಇತ್ತಾ?" ಎಂದ ರುಡಾಲ್ಫ್.

"ಬ್ಯಾಸಗ್ಯಾಗ ಎಲ್ಲೀ ಚಳಿ. ಹೊಲದ ತುಂಬ ಬಟಾಣಿ ಹೂ ಬಿಟ್ಟಿತ್ತು," ಎಂದ ಚನ್ನಪ್ಪ. "ಹಿಮ ಇಲ್ದ ನನಗ ಆ ಊರಿನ ಗುರ್ತ ಹತ್ತಲಿಲ್ಲ."