ಕೊನೆಗೆ ಉಳಿದ ಕೊಳಲು

ಚಲನಚಿತ್ರಗಳ ವಾದ್ಯವೃಂದ ಸಂಗೀತಕ್ಕೆ ತಾವೇ ಪರಮಾಭಿಮಾನಿಗಳೆಂದು ಹೇಳಿಕೊಳ್ಳುವ ನಾಲ್ವರು ತಿಕೋಟಾದಲ್ಲಿದ್ದಾರೆ. ಅವರೊಂದಿಗೆ ಸಿನಿಮಾ ನೋಡಲು ವಿಜಯಪುರಕ್ಕೆ ಹೋದದ್ದು ನಿವೃತ್ತ ಮಾಸ್ತರನಾದ ನನ್ನ ತಪ್ಪು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಪಿಟೀಲಿನ ಮಹಿಮೆಯನ್ನೇ ಬಣ್ಣಿಸಿದರು. ಕಥೆ ಮುಗಿದು ತೆರೆಯ ಮೇಲೆ ಹೆಸರುಗಳು ಏರತೊಡಗಿದಾಗ, ನಾನು ಕೇಳಲೆಂದೇ ಬಂದಿದ್ದ ಸಮಾಪ್ತಿಯ ಸಂಗೀತ ಆರಂಭವಾಯಿತು. ನಾಲ್ವರೂ ದಡಬಡನೆ ಎದ್ದರು.

"ಏಳ್ರಿ ಸರ, ಮುಗೀತಲ್ರಿ! ಬಸ್ ಹೋಗತೈತಿ," ಎಂದು ಅವರಲ್ಲಿ ಹಿರಿಯರಾದ ಕಿರಾಣಿ ಅಂಗಡಿಯವರು ನನ್ನ ತೋಳು ಜಗ್ಗಿದರು.

ನಾನು ಏಳಲಿಲ್ಲ. ಕಸ ಗುಡಿಸಲು ಬಂದ ಹೆಂಗಸು ಮತ್ತು ನಾನು ಇಬ್ಬರೇ ಉಳಿದೆವು. ಇಡೀ ವಾದ್ಯವೃಂದ ಮೆಲ್ಲನೆ ಅಡಗಿ, ಕಟ್ಟಕಡೆಗೆ ಒಂದೇ ಕೊಳಲು ಉಳಿಯಿತು. ಆಕೆ ಕಸಬರಿಗೆ ಹಿಡಿದು ನಿಂತವಳು, ಅದು ಮುಗಿದ ಮೇಲೆಯೇ ಗುಡಿಸತೊಡಗಿದಳು.

ಮರುದಿನ ಚಹಾದಂಗಡಿಯಲ್ಲಿ ಅದೇ ಹಿರಿಯರು ಎಲ್ಲರೆದುರು ವರ್ಣಿಸುತ್ತಿದ್ದರು: "ಕಡೀಕ ಆ ಪಿಟೀಲು ಅಳತೈತಿ ನೋಡ್ರಿ, ಕಣ್ಣಾಗ ನೀರ ಬಂತು! ಹೌದಲ್ರಿ ಸರ?"

"ಕಡೀಕ ಪಿಟೀಲ ಇರಲಿಲ್ರಿ. ಕೊಳಲಿತ್ತು," ಎಂದೆ.

"ಸಾಲಿ ಬಿಟ್ರೂ ತಪ್ಪ ತಿದ್ದೂದು ಬಿಡಲಿಲ್ ನೋಡ್ರಿ ನಮ್ಮ ಸರ!" ಎಂದರು ಹಿರಿಯರು.

ನಾಲ್ವರೂ ತೊಡೆ ತಟ್ಟಿ ನಕ್ಕರು. ಅಂದಿನಿಂದ ನಾನು ಸಿನಿಮಾಕ್ಕೆ ಒಬ್ಬನೇ ಹೋಗುತ್ತೇನೆ. ಬಸ್ಸಿನಲ್ಲಿಯೂ ನೆಮ್ಮದಿಯಿರುತ್ತದೆ.